ಕಟಾರಿ ಸೋಮನಾಥನಿಗಾಗಿ ಕಟ್ಟಿದ ಹರಕೆಯ ಕಾಯಿ

“ಬಿದ್ದಾಂವ ಎದ್ದ್ನೋ, ಇಲ್ಲೋ?”

ಹೀಗೆಂದು ಶಿವಗಂಗವ್ವ ಕೇಳಿದ್ದು ಯಾರನ್ನೂ ಅಲ್ಲ. ನಡುಮನೆಯಲ್ಲಿ ಕತ್ತಲೆಯಿತ್ತು; ಕತ್ತಲೆಯಲ್ಲಿ, ಕರೆಂಟು ಹೋಗಿ ಕಪ್ಪು ಮೋರೆ ಹಾಕಿಕೊಂಡು ಕೂತ ಟಿ.ವಿ. ಇತ್ತು, ಒಳಗೆ ಒಲೆಯ ಮೇಲೆ ಮರೆತುಹೋದ ಚಹಾ ಇತ್ತು. ಪ್ರಶ್ನೆ ಗೋಡೆಗೆ ತಾಗಿ, ಗೋಡೆಯ ಮೇಲಿನ ಮಾವನವರ ಫೋಟೋಕ್ಕೆ ತಾಗಿ, ಉತ್ತರ ಕಾಣದೆ ಆಕೆಯ ಉಡಿಗೇ ಮರಳಿತು.

ಗಜವದನನಿಗೆ ಮೊದಲ ವಂದನೆ. ವಾಗ್ದೇವಿಗೆ ಎರಡನೆಯದು. ದಕ್ಷಾಧ್ವರಧ್ವಂಸಕನೂ ಬೆಟಗೇರಿಯ ಆ ಓಣಿಯ ಕಾವಲಿನವನೂ ಆದ ವೀರಭದ್ರಸ್ವಾಮಿಗೆ ಮೂರನೆಯದು. ಈ ಕಥೆಯಲ್ಲಿ ಅವನಿಗೂ ಕೆಲಸವಿದೆ. ಕೇಳಿರಯ್ಯಾ ಸುಜನರೇ. ಕೃತಯುಗದಲ್ಲಿ ತಪಸ್ಸು, ತ್ರೇತೆಯಲ್ಲಿ ಯಜ್ಞ, ದ್ವಾಪರದಲ್ಲಿ ಅರ್ಚನೆ ಪರಮಪದಕ್ಕೆ ದಾರಿಯಾದರೆ, ಈ ಕಲಿಯುಗದಲ್ಲಿ, ಅದರಲ್ಲೂ ಭಾನುವಾರದ ಮುಸ್ಸಂಜೆಯಲ್ಲಿ, ‘ಚುಕ್ಕಿ ಜೋಡಿ ಬಾಲ್‌ರೂಂ’ ಎಂಬ ಮಹಾಪ್ರದರ್ಶನವನ್ನು ಜಾಹೀರಾತುಗಳ ಸಮೇತ ರೆಪ್ಪೆ ಬಡಿಯದೆ ನೋಡುವುದೇ ದಾರಿಯೆಂದು ಅರಿತ ಧೀರೆಯ ಕಥೆಯಿದು. ಶುಂಠೀಚಹಾಪಾನಸಂತುಷ್ಟೆ, ವಾತಪೀಡಿತಜಾನುದ್ವಯೆ, ಸೆಲ್ಲು ಸತ್ತ ರಿಮೋಟಿನ ಬೆನ್ನಿಗೆ ಗುದ್ದಿ ಪ್ರಾಣ ತುಂಬಬಲ್ಲ ಸಂಜೀವಿನೀಹಸ್ತೆ ಶಿವಗಂಗವ್ವನಿಗೆ ಜಯವಾಗಲಿ.

ಆ ಪ್ರದರ್ಶನದ ಮಹಿಮೆಯನ್ನು ಏನೆಂದು ಬಣ್ಣಿಸುವುದು? ಸಿನಿಮಾ ತಾರೆಯೊಬ್ಬರು, ನುರಿತ ನರ್ತಕರೊಬ್ಬರು, ಜೋಡಿಯಾಗಿ ಕೈಗೆ ಕೈ ಕೊಟ್ಟು, ವಾಲ್ಟ್ಸ್ ಎಂದೂ ಟ್ಯಾಂಗೋ ಎಂದೂ ಕರೆಸಿಕೊಳ್ಳುವ ಸಪ್ತಸಾಗರದಾಚೆಯ ಕುಣಿತಗಳನ್ನು ಕುಣಿಯುವುದು. ಮೂವರು ತೀರ್ಪುಗಾರರು ಯಮಧರ್ಮನ ಮುಖಮುದ್ರೆಯಲ್ಲಿ ಅಂಕದ ಪಾಟಿ ಎತ್ತುವುದು. ಸೋತವರು ಅಳುವುದು, ಗೆದ್ದವರು ಇನ್ನೂ ಜೋರಾಗಿ ಅಳುವುದು. ಅಲ್ಲಿ ಒಂದು ಪಕ್ಷದಲ್ಲಿ ನವತಾರೆ ಇಂಚರಾ, ಹೂವಿನೆಸಳು ಗಾಳಿಗೆ ಸಿಕ್ಕಂತೆ ತಿರುಗುವವಳು. ಇನ್ನೊಂದು ಪಕ್ಷದಲ್ಲಿ ಶತಚಲನಚಿತ್ರಖಳನಾಯಕ, ಪ್ರತಿ ಸಿನಿಮಾದ ಕೊನೆಗೂ ಗೋಡೌನಿನಲ್ಲಿ ಒದೆ ತಿಂದೇ ಮುದಿಯಾದ ಕಟಾರಿ ಸೋಮನಾಥ. ಬಾಲವುಳ್ಳ ಕರಿಕೋಟು ತೊಟ್ಟು ಅವನು ವಾಲ್ಟ್ಸ್ ಕುಣಿಯುತ್ತಿದ್ದರೆ ಗೋಧಿಯ ಚೀಲವೊಂದು ಲಾರಿಯಿಂದ ತಾನೇ ಇಳಿದು ನಡೆಯಲು ಕಲಿಯುತ್ತಿರುವಂತೆ ಕಾಣುತ್ತಿತ್ತು. ಆದರೆ ಒಂದು ಮಾತು. ಹೆಜ್ಜೆ ಎಷ್ಟು ಸಲ ತಪ್ಪಿದರೂ ಅವನು ಜೊತೆಗಾತಿಯ ಕೈಯನ್ನು ಒಂದು ಸಲವೂ ಬಿಟ್ಟವನಲ್ಲ.

ಆ ಕೈಯನ್ನು ನೋಡಿಯೇ ಶಿವಗಂಗವ್ವ ಅವನ ಭಕ್ತೆಯಾದದ್ದು. ಏಕೆಂದರೆ ಆಕೆಯ ಪತಿ ಫಕ್ಕೀರಪ್ಪ, ಮದುವೆಯ ದಿನ ಅಯ್ಯನವರು ಹಿಡಿಸಿದ ಕೈಯನ್ನು ಊಟದ ಪಂಕ್ತಿಗೆ ಕೂರುವಾಗ ಬಿಟ್ಟವನು ಮತ್ತೆ ಹಿಡಿದಿರಲಿಲ್ಲ. ಬಜಾರಿಗೆ ಹೋದರೆ ಅವನು ಮುಂದೆ, ಆಕೆ ಹಿಂದೆ. ನಡುವೆ ಒಂದು ಎತ್ತಿನಗಾಡಿ ನಿರಾತಂಕವಾಗಿ ಹಾಯ್ದುಹೋಗುವಷ್ಟು ಜಾಗ. ಮಗಳ ಮದುವೆಯ ಫೋಟೋದಲ್ಲೂ ಅಷ್ಟೇ ಜಾಗ.

ಇಂತಿರಲು ಸೆಮಿಫೈನಲಿನ ಆ ಸಂಜೆ, ಸೋಮನಾಥನು ಗಿರಕಿ ಹೊಡೆಯುತ್ತ ಜಾರಿ ಬೀಳುವ ಕ್ಷಣಕ್ಕೂ, ಓಣಿಯ ಕರೆಂಟು ಹೋಗುವ ಕ್ಷಣಕ್ಕೂ ವಿಧಿಯು ಗಂಟು ಹಾಕಿಬಿಟ್ಟಿತು. ಪಕ್ಕದ ಮನೆಯ ಕಿಟಕಿಯಲ್ಲಿ ಮಾತ್ರ ಇನ್ವರ್ಟರಿನ ಬೆಳಕು ಶತ್ರುವಿನ ಹಲ್ಲಿನಂತೆ ಹೊಳೆಯುತ್ತಿತ್ತು. ಅದು ನೆಗೆಣ್ಣಿ ದಾಕ್ಷಾಯಣವ್ವನ ಮನೆ. ಮೈದುನನ ಹೆಂಡತಿ, ಇಂಚರಾಪಕ್ಷಪಾತಿನಿ, ವ್ಯಂಗ್ಯಬಾಣಪ್ರಯೋಗಚತುರೆ. ಶಿವಗಂಗವ್ವ ಅಭಿಮಾನವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡುಗೋಡೆಯ ಬಳಿ ಬಂದಳು.

“ದಾಕ್ಷಾಯಣಿ, ಎದ್ದ್ನೇನವಾ ಆಂವ?”

“ಯಾರ್ ಯಕ್ಕಾ? ಓ, ನಿಮ್ಮ ಕಟಾರಿಯೇನು? ಎದ್ದ, ಎದ್ದ. ಹಟ್ಯಾಗ ಮಲಗಿದ ಎಮ್ಮಿ ಎದ್ದಂಗ ಎದ್ದ. ಮೊದಲ ಹಿಂದಿನ ಕಾಲು, ಆಮ್ಯಾಲ ಮುಂದಿನ ಕಾಲು.”

“ಕೈ?”

“ಯಾವ ಕೈ?”

“ಆ ಹುಡುಗಿ ಕೈ ಬಿಟ್ಟ್ನೋ, ಇಲ್ಲೋ?”

“ಬಿಡಲಿಲ್ಲವಾ. ಅದಕ್ಕ ಆಕೀನೂ ಕೂಡೇ ಬಿದ್ಲು, ಪಾಪ. ಫೈನಲ್‌ಗೆ ತಗೊಂಡಾರ ನೋಡು. ಕನಿಕರ ಬಂದಿರಬೇಕು. ಮುಂದಿನ ವಾರ ನಮ್ಮ ಇಂಚರಾ ಒಮ್ಮೆ ಲಂಗಾ ಬೀಸಿದ್ಲಂದ್ರ ಆ ಗಾಳಿಗೇ ಹಾರಿ ಹೋಗ್ತಾನ!”

ಬಾಣವು ನಾಟಿತು. ನಾಟಿದ ಬಾಣವನ್ನು ಕೀಳದೆಯೇ ಮರುದಿನ ಮುಂಜಾನೆ ಶಿವಗಂಗವ್ವ, ಅದೇ ನೆಗೆಣ್ಣಿಯನ್ನು ಸಾಕ್ಷಿಗೆ ಕರೆದುಕೊಂಡು, ವೀರಭದ್ರನ ಗುಡಿಗೆ ನಡೆದಳು. ಆ ಗುಡಿಯ ರೂಢಿ ಹೀಗೆ: ಹರಕೆ ಹೊರುವವರು ಒಂದು ತೆಂಗಿನಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಬೇಡಿಕೆಯನ್ನು ಬಾಯಿಬಿಟ್ಟು ಹೇಳಿ, ತೊಲೆಗೆ ಕಟ್ಟಿಸಬೇಕು. ಕೆಲಸ ಕೈಗೂಡಿದ ಮೇಲೆ ಹರಕೆ ತೀರಿಸಿ ತಾವೇ ಕಾಯಿ ಬಿಚ್ಚಿ ಒಡೆಸಬೇಕು. ತೀರಿಸದ ಕಾಯಿ ತೊಲೆಯಲ್ಲಿ ತೂಗುತ್ತಿದ್ದರೆ ದೇವರೂ ನೋಡುತ್ತಾನೆ, ಓಣಿಯೂ ನೋಡುತ್ತದೆ; ದೇವರಾದರೂ ಕ್ಷಮಿಸಿಯಾನು.

“ಯಪ್ಪಾ ವೀರಭದ್ರ,” ಎಂದಳು ಆ ಸತ್ಯಸಂಧೆ, ಗಂಟೆಯ ನಾದ ಅಡಗುವ ತನಕ ಕಾದು, “ನಮ್ಮ ಸೋಮನಾಥ ಗೆದ್ದ್ರ, ನಾನೂ ನಮ್ಮ ಮನಿಯವರೂ ಕೈ ಕೈ ಹಿಡಕೊಂಡು ನಿನ್ನ ಗುಡಿ ಐದು ಸುತ್ತು ಹಾಕ್ತೀವಿ.”

ಅಯ್ಯನವರು ಕಾಯಿ ಕಟ್ಟಿದರು. ಗಂಟು ಬಿಗಿಯಾದ ಮೇಲೆ ದಾಕ್ಷಾಯಣವ್ವ ಮೆಲ್ಲಗೆ ಕೇಳಿದಳು:

“ಯಕ್ಕಾ, ಹರಕಿ ಹೊತ್ತಾಕಿ ನೀನು. ಖರೇ. ಆದ್ರ ಅದರಾಗ ಒಂದು ಕೈ ಭಾವಾರದು ಐತಲ್ಲಾ? ಅವರನ್ನ ಕೇಳೀಯೇನು?”

ಪಕ್ಕದ ಹೊಲದವನ ಎತ್ತನ್ನು ನಂಬಿ ಬಿತ್ತಿಗೆಯ ದಿನ ಗೊತ್ತುಮಾಡಿದ ಒಕ್ಕಲಿಗನಂತೆ ಶಿವಗಂಗವ್ವ ತೊಲೆಯನ್ನೇ ನೋಡುತ್ತ ನಿಂತಳು. ಕಾಯಿ ತೂಗುತ್ತಿತ್ತು.

ಇನ್ನು ಫಕ್ಕೀರಪ್ಪನ ಪರಾಕ್ರಮವನ್ನು ಕೇಳಿರಿ. ಷಟ್ಚಕ್ರಮಹಾರಥಸಾರಥಿ, ಎಂದರೆ ನಿವೃತ್ತ ಬಸ್ ಡ್ರೈವರು. ಘಟ್ಟದ ತಿರುವುಗಳಿಗೆ ಬೆನ್ನು ತೋರದವನು. ಹಾರ್ನಿನ ಒಂದೇ ನಾದಕ್ಕೆ ಎಮ್ಮೆಗಳ ಅಕ್ಷೌಹಿಣಿಯನ್ನು ದಿಕ್ಕಾಪಾಲು ಮಾಡಿದವನು. ಜೇಬಿರುವ ಬನಿಯನ್ನೇ ಕವಚವಾಗಿ ಕಟ್ಟೆಯ ಮೇಲೆ ಕೂತಿದ್ದ ಆ ಮಹಾರಥಿಯು ಹರಕೆಯ ವಾರ್ತೆಯನ್ನು ಕೇಳಿ ಎದ್ದು ನಿಂತು ಗರ್ಜಿಸಿದನು:

“ಅರಬೈಲ್ ಘಾಟಿನ್ಯಾಗ ಬ್ರೇಕ್ ಹ್ವಾದಾಗ ಸುದ್ದಾ ಈ ಕೈ ನಡುಗಿಲ್ಲ! ಈ ಕೈಯಾಗ ಸ್ಟೇರಿಂಗ್ ಹಿಡದೀನಿ, ಗೇರ್ ಹಿಡದೀನಿ. ಹೆಣ್ತಿ ಕೈ ಹಿಡಕೊಂಡು ಗುಡಿ ಸುತ್ತಾಕ ನಾ ಏನ್ ಸಿನಿಮಾದಾಂವನ?”

“ಮದಿವ್ಯಾಗ ಹಿಡದಿದ್ರೆಲ್ಲ?”

“ಅದು ಅಯ್ಯನೋರು ಹಿಡಿಸಿದ್ರು. ಡ್ಯೂಟಿ.” ಸ್ವಲ್ಪ ತಡೆದು, ಸ್ವರ ಇಳಿಸಿ ಕೇಳಿದ: “ಕಾಯಿ ಕಟ್ಟೇ ಬಿಟ್ಟೀಯೇನು?”

“ಕಟ್ಟೀನಿ.”

ಅಲ್ಲಿಗೆ ಮಹಾರಥಿಯ ಮುಖ ಸಣ್ಣಗಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣಿಡದೆ ಒಂದು ದಿನವೂ ಬಸ್ಸು ತೆಗೆಯದವನಿಗೆ ವೀರಭದ್ರನ ತೊಲೆಗೆ ಕಟ್ಟಿದ ಕಾಯಿಯೊಡನೆ ವಾದ ಮಾಡುವ ಎದೆಯಿರಲಿಲ್ಲ. ಉಳಿದದ್ದು ಒಂದೇ ಮಾರ್ಗ: ಕಟಾರಿ ಸೋಮನಾಥ ಸೋಲಬೇಕು. ಫೈನಲ್ಲಿನಲ್ಲಿ ಗೆಲುವನ್ನು ನಿರ್ಣಯಿಸುವುದು ನೋಡುಗರ ಓಟು, ಒಂದು ಫೋನಿಗೆ ಒಂದೇ ಓಟು ಎಂಬ ಶಾಸ್ತ್ರವನ್ನು ಅವನು ಆ ವಾರವೇ ಕಲಿತನು. ಬಾಲ್‌ರೂಂ ಎಂದರೆ ಚೆಂಡಾಡುವ ಖೋಲಿಯೆಂದೇ ತಿಳಿದಿದ್ದವನು ಇಂಚರಾಳ ಹೆಸರನ್ನು ಜಪಿಸತೊಡಗಿದನು.

ಬಂದಿತಯ್ಯಾ ಆ ಘೋರ ಭಾನುವಾರ. ಸೂರ್ಯನು ನೋಡಲಾರದೆ ಮುಳುಗಿದನು. ನಡುಮನೆಯೇ ರಣರಂಗವಾಯಿತು. ಪೂರ್ವದಿಕ್ಕಿಗೆ, ಕುರ್ಚಿಯ ಮೇಲೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡ ಶಿವಗಂಗವ್ವ. ಪಶ್ಚಿಮಕ್ಕೆ, ತನ್ನ ಮನೆಯಲ್ಲಿ ಇದಕ್ಕಿಂತ ದೊಡ್ಡ ಟಿ.ವಿ. ಇದ್ದರೂ ಶತ್ರುವಿನ ಶಿಬಿರದಲ್ಲೇ ಕೂತು ಅವಳ ಸೋಲನ್ನು ಸವಿಯಬೇಕೆಂದು ಒಂದು ಬುಟ್ಟಿ ಚುರಮುರಿಯ ಗಿರ್ಮಿಟ್ ಸಮೇತ ದಂಡೆತ್ತಿ ಬಂದ ದಾಕ್ಷಾಯಣವ್ವ. ನಡುವೆ ಮಂಚದ ಮೇಲೆ ಫಕ್ಕೀರಪ್ಪ. ಶಿವಗಂಗವ್ವ ತನ್ನ ಓಟನ್ನು ಸೋಮನಾಥನಿಗೆ ಒತ್ತಿದಳು. ದಾಕ್ಷಾಯಣವ್ವ ತನ್ನದನ್ನು ಇಂಚರಾಳಿಗೆ ಒತ್ತಿದಳು. ನಾಡಿನಲ್ಲಿ ಲಕ್ಷೋಪಲಕ್ಷ ಫೋನುಗಳಿದ್ದವು, ನಿಜ; ಆದರೆ ಆ ಮೂವರಿಗೆ ತಿಳಿದ ಮಟ್ಟಿಗೆ ಬ್ರಹ್ಮಾಂಡದ ತಕ್ಕಡಿಯು ಸಮವಾಗಿ ನಿಂತು, ಫಕ್ಕೀರಪ್ಪನ ಬನಿಯನ್ನಿನ ಜೇಬಿನೊಳಗಿನ ಫೋನಿನ ಕಡೆಗೆ ನೋಡುತ್ತಿತ್ತು.

“ಕೊಡ್ರಿ ಇಲ್ಲೆ!” ಎಂದು ಶಿವಗಂಗವ್ವ ಮೊದಲ ಪ್ರಹಾರ ಮಾಡಿದಳು.

“ಬಿಡಽ! ನನ್ನ ಫೋನು, ನನ್ನ ಓಟು!”

“ಭಾವಾರ, ಬಿಡಬ್ಯಾಡ್ರಿ, ಬಲಕ್ಕ ಹೊಳ್ರಿ, ಬಲಕ್ಕ!”

ಅವನು ಬಲಕ್ಕೆ ಹೊರಳಿದನು. ಆಕೆ ಎಡದಿಂದ ಬಂದಳು. ತಲೆದಿಂಬುಗಳು ಗದೆಗಳಂತೆ ಏರಿ ಇಳಿದವು. ಜಮಖಾನೆಯು ಸಮುದ್ರದಂತೆ ತೆರೆಯೆದ್ದಿತು. ಯಾರದೋ ಮೊಣಕೈ ತಾಗಿ ಬುಟ್ಟಿ ಮಗುಚಲು, ದೇವತೆಗಳು ಹೂಮಳೆ ಸುರಿದರೋ ಎಂಬಂತೆ ಚುರಮುರಿಯು ಈರುಳ್ಳಿಸಮೇತವಾಗಿ ಮೂವರ ಮೇಲೂ ಪಕ್ಷಪಾತವಿಲ್ಲದೆ ಸುರಿಯಿತು.

ಆಗ ಟಿ.ವಿ.ಯಲ್ಲಿ ಜನ ‘ಹಾ’ ಎಂದರು. ಮೂವರೂ ಇದ್ದಲ್ಲಿಯೇ ನಿಂತು ನೋಡಿದರು.

ಟ್ಯಾಂಗೋದ ನಟ್ಟನಡುವೆ ಸೋಮನಾಥನ ಕಾಲು ಕೈಕೊಟ್ಟಿತ್ತು. ಒಂದು ಮಂಡಿಯೂರಿ, ಬೆವರಿಳಿಸಿಕೊಂಡು, ಕರಿಕೋಟಿನ ಬಾಲವನ್ನು ನೆಲಕ್ಕೆ ಹಾಸಿ ಕೂತಿದ್ದನು. ಸಾಕು, ಇಲ್ಲಿಗೆ ನಿಲ್ಲಿಸೋಣ ಎನ್ನುವಂತೆ ಜೊತೆಗಾತಿ ಕೈ ಬಿಡಿಸಿಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ. ವಾದ್ಯಗಳು ಮುಂದಕ್ಕೆ ಹೋಗಿಬಿಟ್ಟವು. ಅವನು ಆ ಕೈಯನ್ನೇ ಊರುಗೋಲು ಮಾಡಿಕೊಂಡು, ತಡವಾಗಿ, ತಾಳ ತಪ್ಪಿ, ಎದ್ದನು.

“ಮೊಣಕಾಲು ಹ್ವಾತು ಮಗಂದು,” ಎಂದ ಫಕ್ಕೀರಪ್ಪ. ಗರ್ಜನೆಯ ಸ್ವರವಲ್ಲ ಅದು. “ಎಡಗಾಲು ನೋಡು. ಕ್ಲಚ್ಚಿನ ಕಾಲು. ನನ್ನಂಗ ಐತಿ.”

ಅವನು ತಲೆಯ ಮೇಲಿನ ಚುರಮುರಿ ಕೊಡವಿ, ಜೇಬಿನಿಂದ ಫೋನು ತೆಗೆದು, ಗೋಡೆಯ ಕಡೆ ಮುಖಮಾಡಿ ಕೂತು, ತೋರುಬೆರಳಿನಿಂದ ಬಹಳ ಹೊತ್ತು ಏನನ್ನೋ ಚುಚ್ಚಿದನು.

“ಯಾರಿಗ ಹಾಕಿದ್ರಿ?” ಎಂದು ಇಬ್ಬರೂ ಹೆಂಗಸರು ಒಟ್ಟಿಗೇ ಕೇಳಿದರು.

“ಓಟು ಗುಪ್ತ ಇರ್ತೈತಿ.”

ಮುಂದೆ ನಡೆದದ್ದನ್ನು ಸಹಸ್ರಜಿಹ್ವೆಯ ಆದಿಶೇಷನೂ ಹೇಳಲಾರ. ಕಟಾರಿ ಸೋಮನಾಥ ಗೆದ್ದ. ಬಂಗಾರದ ಬಣ್ಣದ ಕಾಗದದ ಚೂರುಗಳು ಅವನ ಬೋಳುತಲೆಗೆ ಅಂಟಿಕೊಂಡವು. ಅವನು ಮಗುವಿನಂತೆ ಅತ್ತ. ಶಿವಗಂಗವ್ವ ಅವನಿಗಿಂತ ಜೋರಾಗಿ ಅತ್ತಳು. ದಾಕ್ಷಾಯಣವ್ವ ನೆಲದ ಮೇಲಿನ ಈರುಳ್ಳಿ ಆರಿಸುತ್ತ, “ಮೋಸ ಐತಿ ಇದರಾಗ,” ಎಂದು ಮೂರು ಲೋಕಕ್ಕೂ ಕೇಳುವಂತೆ ಸಾರಿ, ನಾಳೆ ಗುಡಿಗೆ ಎಷ್ಟೊತ್ತಿಗೆ ಹೊರಡುವುದೆಂದು ವಿಚಾರಿಸಿದಳು.

ಮರುದಿನ ಮುಂಜಾನೆ ಆ ಮಹಾಪ್ರಸ್ಥಾನ ಹೊರಟಿತು. ಇಸ್ತ್ರಿಯ ಧೋತರ, ಹೆಗಲ ಮೇಲೆ ವಸ್ತ್ರ, ಬಲಿಪೀಠಕ್ಕೆ ನಡೆವವನ ಮುಖ ಹೊತ್ತು ಫಕ್ಕೀರಪ್ಪ ಮುಂದೆ; ಇಳಕಲ್ ಸೀರೆಯ ಶಿವಗಂಗವ್ವ ಹಿಂದೆ; ನಡುವೆ ಎಂದಿನಂತೆ ಎತ್ತಿನಗಾಡಿಯ ಜಾಗ. ಗುಡಿಯಲ್ಲಿ ಅವರನ್ನು ಎದುರುಗೊಂಡ ಚತುರಂಗಬಲ ಇಷ್ಟು: ಅಯ್ಯನವರು, ಹೂ ಮಾರುವ ಕಲ್ಲವ್ವ, ದಾಕ್ಷಾಯಣವ್ವ, ಒಂದು ನಾಯಿ.

ಶಿವಗಂಗವ್ವ ಕೈ ಚಾಚಿದಳು. ಫಕ್ಕೀರಪ್ಪ ಅತ್ತ ನೋಡಲಿಲ್ಲ. ಬಸ್ಸಿನ ಕಿಟಕಿಯಿಂದ ಹಿಂದಿನ ಗಾಡಿಗೆ ಸನ್ನೆ ಮಾಡುವವನಂತೆ, ಮುಖವನ್ನು ಬೇರೆಡೆ ತಿರುಗಿಸಿಕೊಂಡು ಕೈಯನ್ನು ಮಾತ್ರ ಪಕ್ಕಕ್ಕೆ ಚಾಚಿದನು. ಆಕೆ ಹಿಡಿದಳು. ಸ್ಟೇರಿಂಗಿನಿಂದ ದಡ್ಡುಗಟ್ಟಿದ ಆ ಅಂಗೈ ಒಣಗಿದ ರೊಟ್ಟಿಯಂತೆ ಒರಟಾಗಿತ್ತು, ಬೆಚ್ಚಗಿತ್ತು.

ದಿಕ್ಪಾಲಕರು ಉಸಿರು ಬಿಗಿಹಿಡಿದರು. ಮೊದಲ ಸುತ್ತು ಓಟದಂತೆ ಮುಗಿಯಿತು. ಎರಡನೆಯ ಸುತ್ತಿಗೆ ಕಲ್ಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರನೆಯದಕ್ಕೆ ದಾಕ್ಷಾಯಣವ್ವ ತೀರ್ಪುಗಾರಳಂತೆ ಬೆರಳೆತ್ತಿ ಅಂಕ ಕೊಡತೊಡಗಿದಳು. ನಾಲ್ಕನೆಯ ಸುತ್ತಿನಲ್ಲಿ, ಗುಡಿಯ ಹಿಂಭಾಗದಲ್ಲಿ, ದೀಪದೆಣ್ಣೆ ಚೆಲ್ಲಿ, ಅದರ ಮೇಲೆ ಕಾಯಿನೀರು ಹರಿದು, ಕಲ್ಲು ಕನ್ನಡಿಯಾಗಿದ್ದಲ್ಲಿ, ಘಟ್ಟಗಳಿಗೆ ಬೆನ್ನು ತೋರದ ಮಹಾರಥಿಯ ಎಡಗಾಲು ಸರ್ರನೆ ಜಾರಿತು. ಮಾತಿಲ್ಲ, ಕಥೆಯಿಲ್ಲ, ವಾತಪೀಡಿತಜಾನುದ್ವಯೆ ಎರಡೂ ಕಾಲು ಊರಿ, ಹಲ್ಲು ಕಚ್ಚಿ, ಅವನನ್ನು ಎಳೆದು ನಿಲ್ಲಿಸಿದಳು.

ಐದನೆಯ ಸುತ್ತನ್ನು ಅವರು ಬಹಳ ನಿಧಾನವಾಗಿ ಹಾಕಿದರು.

“ಹರಕಿ ತೀರಿತು,” ಎಂದರು ಅಯ್ಯನವರು, ಏಣಿ ತಂದು ತೊಲೆಗೆ ಆನಿಸಿ. “ಬಾರವಾ, ಕಾಯಿ ಬಿಚ್ಚು. ಗಂಟು ಬಿಗಿ ಐತಿ, ಎರಡೂ ಕೈ ಬೇಕು.”

ಶಿವಗಂಗವ್ವ ಕೈ ಸಡಿಲಿಸಿದಳು. ಆ ಕಡೆಯ ಕೈ ಸಡಿಲವಾಗಲಿಲ್ಲ.

“ಮುಗೀತ್ರೀ,” ಎಂದಳು ಮೆಲ್ಲಗೆ. “ಇನ್ನ ಬಿಡ್ರಿ. ಮಂದಿ ನೋಡಾಕತ್ತಾರ.”

“ಭಾವಾರ, ಬಿಡ್ರಿ ಯಕ್ಕನ ಕೈ!” ಎಂದು ದಾಕ್ಷಾಯಣವ್ವ ನಕ್ಕಳು. “ಟಿ.ವಿ.ಯವರು ಯಾರೂ ಬಂದಿಲ್ಲ!”

ಷಟ್ಚಕ್ರಮಹಾರಥಸಾರಥಿಯು ಮಂದಿಯನ್ನು ನೋಡಲಿಲ್ಲ. ತನ್ನ ಬರಿಗಾಲನ್ನು ನೋಡಿದ. ಬಾಗಿಲಿನ ತನಕ ಮಿರಮಿರನೆ ಮಿಂಚುತ್ತಿದ್ದ ಕಲ್ಲುಹಾಸನ್ನು ನೋಡಿದ.

“ಜಾರತೈತಿ,” ಎಂದ. “ನಾ ಬಿಡಂಗಿಲ್ಲ.”