ಮೂರನೆಯ ಕೂಗು

ನನ್ನ ಗಂಟಲಿನ ವಿಷಯದಲ್ಲಿ ನನಗೆ ಯಾವತ್ತೂ ಸಂಕೋಚವಿರಲಿಲ್ಲ, ಸಂಕೋಚವೆಲ್ಲ ಮನೆಯವರದು. ದೇವರು ಕೆಲವರಿಗೆ ರೂಪ ಕೊಡುತ್ತಾನೆ, ಕೆಲವರಿಗೆ ಆಸ್ತಿ ಕೊಡುತ್ತಾನೆ. ನನಗೆ ಗಂಟಲು ಕೊಟ್ಟು ಮಧುಗಿರಿಯ ಕೋರ್ಟಿನ ಬಾಗಿಲಲ್ಲಿ ಜವಾನನಾಗಿ ನಿಲ್ಲಿಸಿದ. ಕಕ್ಷಿದಾರರ ಹೆಸರಿಗೆ ‘ಬಿನ್’ ಅಂತ ಅಪ್ಪನ ಹೆಸರನ್ನೂ ಸೇರಿಸಿ ಮೂರು ಸಲ ಕೂಗುವುದು ನನ್ನ ಕೆಲಸ. ನಾನು ಕೂಗದೆ ಯಾವ ನ್ಯಾಯವೂ ಒಳಗೆ ಹೋಗುವಂತಿಲ್ಲ ಎಂದು ರಿಟೈರಾಗುವವರೆಗೂ ನಂಬಿದ್ದೆ. ಜಡ್ಜ್ ಸಾಹೇಬರೂ ನಂಬಿದ್ದರೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ಮೊದಲನೆಯ ಕೂಗು ವರಾಂಡದಲ್ಲಿ ನಿಂತವರಿಗೆ, ಎರಡನೆಯದು ಹುಣಸೆಮರದ ಕೆಳಗೆ ಕೂತವರಿಗೆ. ಮೂರನೆಯದು ಮಾತ್ರ ಗೇಟು ದಾಟಿ ಟೀ ಅಂಗಡಿ ಮುಟ್ಟಲೇಬೇಕು. ಅದಕ್ಕೂ ಬಾರದಿದ್ದರೆ ಒಳಗೆ ‘ಗೈರುಹಾಜರಿ’ ಎಂದು ಬರೆದುಬಿಡುತ್ತಿದ್ದರು. ಪಾವಗಡದ ಕಡೆಯ ಒಬ್ಬ ಅಜ್ಜಿ ಜಮೀನಿನ ಕೇಸಿಗೆ ಬರುತ್ತಿದ್ದಳು. ಪ್ರತಿ ವಾಯಿದೆಗೂ ಮೂರನೆಯ ಕೂಗಿಗೇ, “ವಸ್ತಾಂಡಾ ಸಾಮೀ!” ಅಂತ ತೆಲುಗಿನಲ್ಲಿ ಓಗೊಡುತ್ತಾ ಅರ್ಧ ತಿಂದ ಬನ್ನನ್ನು ಸೆರಗಿಗೆ ಸುತ್ತಿಕೊಂಡು ಓಡಿಬರುವಳು. ಒಳಗೆ ಹೋಗುವ ಮುಂಚೆ “ನೀ ಗೊಂತು ಸಲ್ಲಗುಂಡ ನಾಯನಾ” ಎಂದು, ನನ್ನ ಗಂಟಲು ತಣ್ಣಗಿರಲೆಂದು ಹರಸುವಳು. ಈಗ ಅಲ್ಲಿ ಗೋಡೆಗೆ ಟಿ.ವಿ. ಹಾಕಿ, ಕೇಸಿನ ನಂಬರನ್ನು ಅದರಲ್ಲೇ ತೋರಿಸುತ್ತಾರಂತೆ. ಒಳ್ಳೆಯದೇ ಆಯಿತು. ಆದರೂ ಆ ರಸ್ತೆಯಲ್ಲಿ ಹೋಗುವಾಗ ಗೇಟಿನ ಕಡೆ ಕಿವಿಗೊಟ್ಟು ನಿಂತುಬಿಡುತ್ತೇನೆ.

ಇರಲಿ, ಮೊನ್ನೆಯ ಫಜೀತಿ ಹೇಳುತ್ತೇನೆ. ನಮ್ಮ ಮಗಳು ಸುಜಾತ, ಅಳಿಯ ಮಂಜುನಾಥನ ಮಗುವಿಗೆ ನಮ್ಮ ಮನೆಯಲ್ಲೇ ನಾಮಕರಣ. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಲ್ಲ, ಅದನ್ನು ನಾನೇ ಹೇಳಬೇಕೆಂದು ನನಗೆ ಆಸೆ. ಮೂರು ಸಲ ಹೆಸರು ಹೇಳುವುದರಲ್ಲಿ ನನಗಿಂತ ನುರಿತವನು ಇಡೀ ತಾಲ್ಲೂಕಿನಲ್ಲಿ ಯಾರಿದ್ದಾನೆ? ನನ್ನ ಹೆಂಡತಿ ಗೌರಮ್ಮ ಕೈಮುಗಿದೇಬಿಟ್ಟಳು.

“ಅಯ್ಯೋ, ಬ್ಯಾಡ ಕಣ್ರೀ! ನೀವು ಕೂಗ್ಬುಟ್ರೆ ಹಸುಗೂಸು ಬೆಚ್ಚಿ ಬೀಳ್ತದೆ. ಸಿರಾದಿಂದ ಬೀಗ್ರು ಬತ್ತಾವ್ರೆ, ವಸಿ ಮಾನ ಉಳಿಸ್ರೀ.”

“ಇರ್ಲಿ ಬುಡಮ್ಮ, ಅಪ್ಪನೇ ಏಳ್ಲಿ” ಎಂದಳು ಸುಜಾತ. “ಆದ್ರೆ ಪಿಸುಪಿಸು ಅಂತ ಏಳ್ಬೇಕು ಕಣಪ್ಪ. ಆಗಾಕಿಲ್ಲ ಅಂದ್ರೆ ಈಗ್ಲೇ ಏಳ್ಬುಡು, ನಮ್ಮತ್ತೆ ಏಳ್ತಾರೆ.”

ಬೀಗಿತ್ತಿಗೆ ಬಿಟ್ಟುಕೊಡುವುದುಂಟೆ! ಅಂದಿನಿಂದಲೇ ಹಿತ್ತಲಿನಲ್ಲಿ ಕರಿಬೇವಿನ ಗಿಡಕ್ಕೆ ಬಾಯಿಟ್ಟು ಪಿಸುಗುಟ್ಟುವ ಅಭ್ಯಾಸ ಶುರುಮಾಡಿದೆ. ಪಕ್ಕದ ಮನೆಯ ರಂಗಣ್ಣ ಗೋಡೆಯಾಚೆಯಿಂದ “ಯಾರ‍್ನ ಕರೀತಿದ್ದೀಯೋ?” ಎಂದ ಮೇಲೆ ಇನ್ನಷ್ಟು ತಗ್ಗಿಸಿದೆ.

ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿ “ಭೂಮಿಕಾ” ಎಂದೆ. ನನಗೇ ಕೇಳಿಸದಷ್ಟು ಮೆತ್ತಗೆ. ಗೌರಮ್ಮನ ಮುಖದಲ್ಲಿ ಕಳೆ ಬಂತು. ಎರಡನೆಯ ಸಲವೂ ಹಾಗೇ ಹೇಳಿದೆ. ಕೂಸು ಗಾಢ ನಿದ್ದೆಯಲ್ಲಿತ್ತು, ಮಿಸುಕಲಿಲ್ಲ. ಇನ್ನು ಒಂದೇ ಕೂಗು. ನನ್ನ ಮೊಮ್ಮಗಳೇ ಗೈರುಹಾಜರಾಗುವುದೆ? ಅದೂ ನಾನು ಬಾಗಿಲಲ್ಲಿ ನಿಂತಿರುವಾಗ? ಬೆನ್ನು ತಾನಾಗಿ ನೆಟ್ಟಗಾಯಿತು, ಕೈ ಬಾಯಿಯ ಪಕ್ಕಕ್ಕೆ ಹೋಯಿತು.

“ಭೂಮಿಕಾ, ಬಿನ್ ಮಂಜುನಾಥಾಽಽ!”

ಬೀಗಿತ್ತಿಯ ಕೈಯಲ್ಲಿದ್ದ ಅರಿಶಿನ ಕುಂಕುಮದ ತಟ್ಟೆ ಠಣ್ಣೆಂದು ಕೆಳಗೆ ಬಿತ್ತು. ಕೂಸು ಕಣ್ಣು ಬಿಟ್ಟು, ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ಸೂರು ಹಾರುವಂತೆ ಕಿರುಚಿತು. ಬೀಗರು ಗುರುಗುಟ್ಟಿದರು, ಗೌರಮ್ಮ ಹಣೆ ಚಚ್ಚಿಕೊಂಡಳು. ಸುಜಾತ ಮಾತ್ರ ನಗುತ್ತಾ ಕಣ್ಣೊರೆಸಿಕೊಂಡು, “ಆಜರಿದ್ದಾಳೆ ಕಣಪ್ಪ, ಆಜರಿದ್ದಾಳೆ!” ಎಂದು ಮಗುವನ್ನೆತ್ತಿ ನನ್ನ ಕೈಗೇ ಕೊಟ್ಟಳು. ನಾನು ಕರೆದವರಲ್ಲಿ ಇಷ್ಟು ಜೋರಾಗಿ ಓಗೊಟ್ಟವರು ಯಾರೂ ಇರಲಿಲ್ಲ.

ಆಮೇಲೆ ಬೀಗರಿಗೆ ಮುಖ ತೋರಿಸಲಾಗದೆ ಹಿತ್ತಲಿಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಗೌರಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, “ಉಣ್ಣಾಕೆ ಬನ್ರೀ” ಎಂದಳು. ಒಂದೇ ಸಲ, ಅದೂ ಮೆಲ್ಲಗೆ. ನಾನು ಉಳಿದೆರಡು ಕೂಗಿಗೆ ಕಾಯುತ್ತಾ ಕೂತೇ ಇದ್ದೆ. ಕಡೆಗೆ ಹಸಿವು ತಡೆಯದೆ ಒಳಗೆ ಹೋಗಿ ನೋಡಿದರೆ, ಗೈರುಹಾಜರಾದವನ ಪಾಲಿನ ಒಬ್ಬಟ್ಟು ಬೀಗಿತ್ತಿಯ ಎಲೆಯಲ್ಲಿತ್ತು.