ಯಜಮಾನ ಬರುವ ತನಕ

ಆ ದಿನದ ಅವಾಂತರಕ್ಕೆಲ್ಲ ಮೂಲ ಹಿಂದಿನ ಸಂಜೆಯ ಒಂದು ಬಕೆಟ್ ಸಾಬೂನು ನೀರು. ಸೈಕಲ್ ತಂಡದ ಬಸ್ಸಿನಲ್ಲಿದ್ದ ಬಟ್ಟೆ ಒಗೆಯುವ ಯಂತ್ರ ಕೈಕೊಟ್ಟಿತ್ತು. ಯಾರೂ ಹೇಳದಿದ್ದರೂ ತಂಡದ ಸವಾರರಲ್ಲೊಬ್ಬನಾದ ಕೊಡ ತನ್ನ ಅಂಗಿಯ ಜೊತೆ ಮಿಕ್ಕವರ ಅಂಗಿಗಳನ್ನೂ ಹೋಟೆಲಿನ ಬಚ್ಚಲಿಗೆ ಹೊತ್ತುಕೊಂಡು ಹೋಗಿ ಕುಕ್ಕಿ ಒಗೆದ. ತನ್ನ ಅಂಗಿಯ ಬೆನ್ನಿನ ಜೇಬಿನಲ್ಲಿ ತಂಡದವರು ಪರಸ್ಪರ ಮಾತಾಡುವ ರೇಡಿಯೋ ಇದೆಯೆಂಬುದು ಜ್ಞಾಪಕಕ್ಕೆ ಬಂದದ್ದು ಹಿಂಡುವಾಗ ಅಂಗೈಗೆ ಏನೋ ಗಟ್ಟಿಯಾಗಿ ಸಿಕ್ಕಾಗಲೇ. ಒರೆಸಿದ, ಊದಿದ, ಕಿಟಕಿಯ ಮೇಲೆ ಒಣಗಲು ಇಟ್ಟ. ಬೆಳಿಗ್ಗೆ ಕಿವಿಗೆ ಸಿಕ್ಕಿಸಿಕೊಂಡು ನೋಡಿದರೆ ಮ್ಯಾನೇಜರ್ ಯಾರನ್ನೋ ಬೈಯುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಸದ್ಯ, ಬದುಕಿದೆ ಅಂದುಕೊಂಡು ಸುಮ್ಮನಾದ. ಮೆಕ್ಯಾನಿಕ್‌ಗೆ ಹೇಳಿದ್ದರೆ ಬೇರೊಂದು ಕೊಡುತ್ತಿದ್ದ ನಿಜ, ಆದರೆ ಹಲವು ದಿನಗಳ ಆ ಪಂದ್ಯ ಮುಗಿಯುವವರೆಗೂ ಊಟದ ಮೇಜಿನಲ್ಲಿ ಅದೇ ಮಾತಾಗುತ್ತಿತ್ತು.

ಕೊಡ ಎಂಬ ಹೆಸರನ್ನು ಇಟ್ಟವನೂ ಆ ಮೆಕ್ಯಾನಿಕ್ಕೇ. ಸೈಕಲ್ ಪಂದ್ಯದಲ್ಲಿ ಒಬ್ಬ ಗೆಲ್ಲಬೇಕಾದರೆ ಅವನ ಸುತ್ತ ಏಳು ಜನ ಸೋಲಬೇಕು. ಎದುರುಗಾಳಿಗೆ ಎದೆಯೊಡ್ಡಿ ನಾಯಕನನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ಅವನಿಗೆ ಬಾಯಾರಿದರೆ ಹಿಂದೆ ಬರುವ ತಂಡದ ಕಾರಿನ ತನಕ ಹೋಗಿ, ಅಂಗಿಯೊಳಗೆ ನೀರಿನ ಬಾಟಲಿ ತುಂಬಿಕೊಂಡು, ಬಸುರಿಯಂತೆ ಏದುಸಿರು ಬಿಡುತ್ತ ಮತ್ತೆ ಗುಂಪನ್ನು ಸೇರಬೇಕು. ಈ ನೀರು ಹೊರುವ ಕೆಲಸದಲ್ಲಿ ಇವನನ್ನು ಮೀರಿಸಿದವರಿರಲಿಲ್ಲ. ಸಾಲದ್ದಕ್ಕೆ ಮಾತು ಕಡಿಮೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಮೆಕ್ಯಾನಿಕ್ ಒಮ್ಮೆ ನಕ್ಕದ್ದೇ ಹೆಸರಾಗಿ ನಿಂತಿತು.

ತಂಡದ ನಾಯಕನನ್ನು ಎಲ್ಲರೂ ಯಜಮಾನ ಅನ್ನುತ್ತಿದ್ದರು. ವರ್ಷಗಟ್ಟಲೆ ಅವನಿಗೆ ಗಾಳಿ ತಡೆದಿದ್ದರೂ ಕೊಡ ಅವನೊಂದಿಗೆ ಆಡಿದ ಮಾತು ಒಂದು ಬೊಗಸೆಯಷ್ಟೂ ಇರಲಿಲ್ಲ. ಮುಂದೆ ಇರುವವನಿಗೆ ಹಿಂದೆ ಇರುವವನ ಮುಖ ಕಾಣುವುದಿಲ್ಲ, ಹಿಂದಿನವನಿಗೆ ಇವನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಇಂಥ ಸಂಸಾರದಲ್ಲಿ ಮಾತು ಎಲ್ಲಿಂದ ಹುಟ್ಟಬೇಕು? ಕೊಡನ ಬಗ್ಗೆ ವಿಚಾರಿಸಿಕೊಳ್ಳುವವಳು ಅವನ ಅಕ್ಕ ಒಬ್ಬಳೇ. ದಿನವೂ ಟೀವಿಯ ಮುಂದೆ ಕೂತು ತಮ್ಮನನ್ನು ಹುಡುಕಿ ಸಂಜೆ ಫೋನು ಮಾಡುವಳು. ನಿನ್ನೆಯೂ ಮಾಡಿದ್ದಳು. ಗುಂಪು ಸೇತುವೆ ದಾಟುವಾಗ ಅವನ ಮೊಣಕೈ ಕಂಡಿತಂತೆ.

ಬೆಳಿಗ್ಗೆ ಬಸ್ಸಿನಲ್ಲಿ ಮ್ಯಾನೇಜರ್ ಬಿಳಿ ಹಲಗೆಯ ಮೇಲೆ ಎರಡು ಬೆಟ್ಟ ಬರೆದು ದಿನದ ತಂತ್ರ ವಿವರಿಸಿದ. ಹೊರಟ ಕೂಡಲೇ ಕೊಡ ಮುಂದೆ ಓಡಿಹೋಗಬೇಕು. ಅವನಂಥವನು ಓಡಿಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬಿಟ್ಟುಬಿಡುತ್ತಾರೆ. ಎರಡನೇ ಬೆಟ್ಟದ ನೆತ್ತಿ ದಾಟಿದೊಡನೆ ಅವನು ನಿಲ್ಲಬೇಕು. ಅಷ್ಟರಲ್ಲಿ ಯಜಮಾನ ಎದುರಾಳಿಗಳನ್ನು ಹಿಂದೆ ಹಾಕಿ ಒಬ್ಬನೇ ಬರುತ್ತಾನೆ. ಮುಂದಿನದೆಲ್ಲ ಗಾಳಿ ಹೊಡೆಯುವ ಬಯಲು. ಅಲ್ಲಿ ಕೊಡ ಅವನನ್ನು ಬೆನ್ನಿಗೆ ಹಾಕಿಕೊಂಡು ಎಳೆಯಬೇಕು. ಎರಡನೇ ಬೆಟ್ಟದ ರಸ್ತೆ ಕಿರಿದಾದ್ದರಿಂದ ತಂಡಗಳ ಕಾರುಗಳೆಲ್ಲ ಕಣಿವೆಯಿಂದ ಸುತ್ತಿ ಹೋಗುತ್ತವೆ. ಮೇಲೆ ರೇಡಿಯೋ ಒಂದೇ ಗತಿ.

"ಏನೇ ಆಗ್ಲಿ, ಯಜಮಾನ ಬರೋ ತನಕ ಅಲ್ಲಿಂದ ಕದಲಬೇಡ," ಎಂದು ಮ್ಯಾನೇಜರ್ ಒತ್ತಿ ಹೇಳಿದ.

ಕೊಡ ತಲೆಯಾಡಿಸಿದ. ಮೂಲೆಯಲ್ಲಿ ಯಜಮಾನ ಬಾಡಿದ ಸೊಪ್ಪಿನಂತೆ ಕೂತಿದ್ದ.

ಎಲ್ಲವೂ ಹೇಳಿದಂತೆಯೇ ನಡೆಯಿತು. ಬೇರೆ ತಂಡಗಳ ಮೂವರ ಜೊತೆ ಕೊಡ ಗುಂಪಿನಿಂದ ಜಾರಿಕೊಂಡ. ಯಾರೂ ಬೆನ್ನಟ್ಟಲಿಲ್ಲ. ಕತ್ತಿನ ಬಳಿಯಿದ್ದ ರೇಡಿಯೋದ ಗುಂಡಿ ಒತ್ತಿ, "ಸರ್, ನಾನು ಮುಂದೆ ಬಂದಿದೀನಿ," ಎಂದು ವರದಿ ಒಪ್ಪಿಸಿದ. ಕಿವಿಯಲ್ಲಿ ಉತ್ತರ ಬರಲಿಲ್ಲ. ಕೆಲಸದಲ್ಲಿರಬೇಕು ಅಂದುಕೊಂಡ.

ಮೊದಲನೇ ಬೆಟ್ಟದಲ್ಲಿ ಆ ಮೂವರಲ್ಲಿ ಒಬ್ಬನ ಗಾಲಿ ಪಂಕ್ಚರಾಯಿತು, ಇನ್ನೊಬ್ಬನ ಉಸಿರು ಪಂಕ್ಚರಾಯಿತು. ಮೂರನೆಯವನು ಒಂದಷ್ಟು ದೂರ ಜೊತೆಗಿದ್ದು, ನಿನ್ನಂಥ ಮೂಕನ ಜೊತೆ ಬರುವುದಕ್ಕಿಂತ ಹಿಂದೆ ಬೀಳುವುದೇ ಮೇಲು ಅನ್ನುವಂತೆ ನಿಧಾನ ಮಾಡಿದ. ಕೊಡ ಒಂಟಿಯಾದ.

ಅವನ ಜನ್ಮದಲ್ಲಿ ಹೀಗಾಗಿರಲಿಲ್ಲ. ಸೈಕಲ್ ಹತ್ತಿದ ಮೇಲೆ ಅವನ ಮುಂದೆ ಯಾವಾಗಲೂ ಯಾರದೋ ಬೆನ್ನು, ಇಲ್ಲವೇ ಬೆನ್ನ ಹಿಂದೆ ಯಾರದೋ ಉಸಿರು ಇರುತ್ತಿತ್ತು. ಈಗ ಮುಂದೆ ಬರೀ ರಸ್ತೆ, ಹಿಂದೆಯೂ ಬರೀ ರಸ್ತೆ. ತನ್ನ ಸರಪಳಿಯ ಸದ್ದು ತನಗೇ ಪರಕೀಯವಾಗಿ ಕೇಳಿಸಿತು. ಆಗಾಗ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಬಂದು, ಹಿಂದಿನ ಗುಂಪು ಎಷ್ಟು ದೂರದಲ್ಲಿದೆ ಎಂದು ಬರೆದ ಕಪ್ಪು ಹಲಗೆ ತೋರಿಸಿ ಹೋಗುತ್ತಿದ್ದ. ನಮ್ಮ ಯಜಮಾನ ಎಲ್ಲಿದ್ದಾನೆ ಎಂದು ಕೊಡ ಕೂಗಿ ಕೇಳಿದರೆ, ಅವನು ಹೆಬ್ಬೆರಳೆತ್ತಿ ನಕ್ಕು ಮಾಯವಾದ.

ಮಾತನಾಡಲು ಯಾರೂ ಇಲ್ಲದಾಗ ತುಂಬಿದ ಕೊಡವೂ ತುಳುಕುತ್ತದೆ. ಕೊಡ ರೇಡಿಯೋದೊಂದಿಗೆ ಮಾತಿಗಿಳಿದ. ಮೊದಲು ರಸ್ತೆಯ ವಿಚಾರ, ಗಾಳಿಯ ವಿಚಾರ ಹೇಳಿದ. ಅದು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೇಜಾರಾಗಿದ್ದರೆ ಬೇಜಾರಾಗಿದೆ ಅಂತಲಾದರೂ ಹೇಳಿ ಸರ್ ಎಂದು ಕೇಳಿಕೊಂಡ. ಅದಕ್ಕೂ ಮೌನ. ಕೊನೆಗೆ ರೇಡಿಯೋ ಸತ್ತಿದೆ, ಇನ್ನು ಏನು ಹೇಳಿದರೂ ಕೇಳುವವರಿಲ್ಲ ಎಂದು ಖಾತ್ರಿಯಾದ ಮೇಲೆ ಕಟ್ಟೆಯೊಡೆಯಿತು. ಅಕ್ಕ ಮೊಣಕೈ ನೋಡಿ ಸಂತೋಷಪಟ್ಟದ್ದನ್ನು ಹೇಳಿದ. ಹೋಟೆಲಿನ ಕೋಣೆಯಲ್ಲಿ ತನ್ನ ಜೊತೆಗಿರುವ ಸಂಗಡಿಗ ಉದ್ದಕಾಲ ಫೋನು ಹಿಡಿದು ಮಲಗಿದರೆ ತನ್ನ ಪಾಲಿಗೆ ಅವನ ಪಾದ ಮಾತ್ರ ಉಳಿಯುತ್ತದೆಂದು ಹೇಳಿದ. ಇಷ್ಟು ವರ್ಷ ನೀರು ತಂದುಕೊಟ್ಟರೂ ಯಜಮಾನ ಒಂದು ದಿನವಾದರೂ ನೀನು ಕುಡಿದೆಯಾ ಎಂದು ಕೇಳಲಿಲ್ಲವೆಂದೂ ಹೇಳಿದ. ಹೇಳಿ ಹಗುರಾಗಿ, ಏರಿನ ಕೊನೆಯಲ್ಲಿ ಒಂದು ಹಳೆಯ ಹಾಡನ್ನೂ ಹಾಡಿದ. ಉಸಿರು ಸಿಕ್ಕಿದಲ್ಲಿ ರಾಗ, ಸಿಗದಿದ್ದಲ್ಲಿ ತಾಳ.

ಎರಡನೇ ಬೆಟ್ಟದ ನೆತ್ತಿ ದಾಟಿ, ಹೇಳಿದ ಜಾಗದಲ್ಲಿ ಸೈಕಲ್ ಇಳಿದು ನಿಂತ. ಗುಂಪು ಇನ್ನೂ ಎಲ್ಲೋ ಬುಡದಲ್ಲಿತ್ತು.

ರಸ್ತೆಯ ಬದಿಯಲ್ಲಿ ಒಬ್ಬ ಅಜ್ಜಿ ಮಡಚುವ ಕುರ್ಚಿ ಹಾಕಿಕೊಂಡು ಕಂಬಳಿ ಹೊದ್ದು ಕೂತಿದ್ದಳು. ಪಕ್ಕದಲ್ಲಿ ಕೊರಳಿಗೆ ದುರ್ಬೀನು, ಬಾಯಿಗೆ ಸೀಟಿ ಸಿಕ್ಕಿಸಿಕೊಂಡ ಅವಳ ಅಳಿಯ. ಬೆಳಗಿನಿಂದ ಕಾದು ಕೂತವರಿಗೆ ಮೊದಲು ಬಂದ ಸವಾರನೇ ಎದುರಿಗೆ ನಿಂತುಬಿಟ್ಟರೆ ಸುಮ್ಮನಿರಲಾದೀತೇ?

"ಸೈಕಲ್ ಕೆಟ್ಟಿದ್ಯೇನಪ್ಪ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ."

"ಮತ್ತೆ ನೀನು ಕೆಟ್ಟಿದೀಯಾ?"

ಯಜಮಾನನಿಗಾಗಿ ಕಾಯುತ್ತಿದ್ದೇನೆ ಎಂದು ಕೊಡ ವಿವರಿಸಿದ. ಅಳಿಯ ತನಗೆ ಎಲ್ಲ ಗೊತ್ತೆಂಬಂತೆ ಕಣ್ಣು ಕಿರಿದು ಮಾಡಿ, ಇದೊಂದು ಭಾರೀ ತಂತ್ರ, ನಿಮಗೆ ಅರ್ಥವಾಗುವುದಿಲ್ಲ ಎಂದು ಅತ್ತೆಗೆ ಹೇಳಿದ. ಅಜ್ಜಿಗೆ ಅಳಿಯನ ಮಾತಿನಲ್ಲಿ ನಂಬಿಕೆಯಿದ್ದಂತೆ ಕಾಣಲಿಲ್ಲ. ಅವಳು ಖಾಲಿ ರಸ್ತೆಯನ್ನು ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ನೋಡಿದಳು.

"ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಕಾಣಲ್ಲ. ನೀನು ಹೋಗಪ್ಪ. ಬರೋರು ಬರ್ತಾರೆ."

"ನಾನು ಹೋದ್ರೆ ಅವರಿಗೆ ಗಾಳಿ ಬಡಿಯತ್ತೆ ಅಜ್ಜಿ."

ಅಜ್ಜಿ ಅವನ ಮುಖವನ್ನೇ ನೋಡಿದಳು. ಕಂಬಳಿಯ ಒಂದು ತುದಿಯನ್ನು ಅವನ ಹೆಗಲಿಗೆ ಎಳೆದಳು. ಹಾಗೆ ಒಂದೇ ಕಂಬಳಿಯಲ್ಲಿ ಇಬ್ಬರೂ ಕಣಿವೆ ನೋಡುತ್ತ ಉಳಿದರು. ಕೊಡನಿಗೆ ಒಂದು ಗಳಿಗೆ ಆಸೆಯಾಯಿತು. ಮುಂದಿನ ಬಯಲು, ಆಮೇಲೆ ಕೊನೆಯ ಏರು, ಅದರ ಮೇಲೆ ಗೆಲುವಿನ ಗೆರೆ. ಟೀವಿಯಲ್ಲಿ ಮೊಣಕೈ ಅಷ್ಟೇ ಅಲ್ಲ, ಇಡೀ ಮನುಷ್ಯ ಕಾಣಬಹುದು. ಪೆಡಲಿನ ಮೇಲೆ ಒಂದು ಕಾಲು ಇಟ್ಟೂ ಆಗಿತ್ತು. ಯಜಮಾನ ಆ ಬಯಲಿಗೆ ಒಬ್ಬನೇ ಬಂದು ಇವನನ್ನು ಹುಡುಕುವ ಚಿತ್ರ ಕಣ್ಣೆದುರು ಬಂದು, ಕಾಲು ತಾನಾಗಿ ಕೆಳಗಿಳಿಯಿತು.

ಕೊನೆಗೂ ತಿರುವಿನಲ್ಲಿ ಬಣ್ಣ ಕಂಡಿತು. ಎದುರಾಳಿ ತಂಡಗಳ ನಾಯಕರ ಸಣ್ಣ ಗುಂಪೊಂದು ಮೇಲೆ ಬಂತು. ಅದರಲ್ಲಿ ಯಜಮಾನ ಇರಲಿಲ್ಲ, ಉದ್ದಕಾಲ ಇದ್ದ. ಕೊಡನನ್ನು ಕಂಡು ಅವನ ಬಾಯಿ ತೆರೆದುಕೊಂಡಿತು. ನಿಲ್ಲಲು ನೋಡಿದ, ಹಿಂದಿನವರು ನುಗ್ಗಿ ತಳ್ಳಿಕೊಂಡು ಹೋದರು. ಅವನು ತಿರುತಿರುಗಿ ಏನೋ ಕೂಗಿದ. ಅಳಿಯನ ಸೀಟಿಯ ನಡುವೆ "ನೀನೇ ಕಣೋ, ನೀನೇ" ಎಂಬಷ್ಟು ಮಾತ್ರ ಕೇಳಿಸಿತು. ನಾನೇನು ಮಾಡಿದೆ ಎಂದು ಕೊಡ ತಬ್ಬಿಬ್ಬಾದ. ಆಮೇಲೆ ದೊಡ್ಡ ಗುಂಪು ಬಂತು. ಅದರಲ್ಲಿದ್ದ ಸಂಗಡಿಗರು ಬಾ, ಬಾ ಎಂದು ಕೈ ಬೀಸಿದರು. ಯಜಮಾನನನ್ನು ಜೋಪಾನವಾಗಿ ಕರೆದುಕೊಂಡು ಬಾ ಅನ್ನುತ್ತಿದ್ದಾರೆಂದು ಅರ್ಥ ಮಾಡಿಕೊಂಡು, ಆಗಲಿ ಎಂದು ಇವನೂ ಕೈ ಬೀಸಿದ.

ಕೊನೆಯಲ್ಲಿ ಕುಂಟುತ್ತ ತೆವಳುತ್ತ ಬರುವವರೂ ದಾಟಿದರು. ಅವರಲ್ಲೂ ಯಜಮಾನ ಇರಲಿಲ್ಲ. ಅಳಿಯ ಕುರ್ಚಿ ಮಡಚಿದ. ಅಜ್ಜಿ ಕಂಬಳಿ ತೆಗೆದುಕೊಳ್ಳಲು ಹಿಂಜರಿದಳು, ಕೊಡನೇ ಮಡಿಸಿ ಕೊಟ್ಟ. ಅವರ ಬೆನ್ನುಗಳೂ ಕಾಲುದಾರಿಯಲ್ಲಿ ಇಳಿದು ಮರೆಯಾದವು. ಬೆಟ್ಟದ ಮೇಲೆ ಗಾಳಿ ಮತ್ತು ಕೊಡ ಇಬ್ಬರೇ ಉಳಿದರು. ಎಲ್ಲೋ ಬಿದ್ದು ಮೂಳೆ ಮುರಿದುಕೊಂಡಿರಬಹುದೇ ಎಂದು ಯಜಮಾನನನ್ನು ನೆನೆದು ತಿರುವಿನತ್ತ ಕತ್ತು ಚಾಚಿ ನೋಡಿದ.

ಆಗ ಬಂದದ್ದು ಪಂದ್ಯದ ಬಾಲಕ್ಕಿರುವ ವ್ಯಾನು. ತುಳಿಯಲಾರದೆ ಕೈಚೆಲ್ಲಿದವರನ್ನು ಹತ್ತಿಸಿಕೊಂಡು ಬರುವ ಗಾಡಿ ಅದು. ಅದರ ಹಿಂದೆ ಪಂದ್ಯವಿಲ್ಲ, ಬರೀ ಊರವರ ವಾಹನಗಳು. ಡ್ರೈವರ್ ಇಳಿದು, ಹಿಂದೆ ಪಂದ್ಯದ ಒಂದು ನರಪಿಳ್ಳೆಯೂ ಇಲ್ಲ, ರಸ್ತೆ ಬಿಟ್ಟುಕೊಟ್ಟಾಯಿತು ಎಂದ. ಕೊಡನ ಬೆನ್ನಿನ ನಂಬರು ಕಿತ್ತುಕೊಂಡು, ಸೈಕಲ್ಲನ್ನು ಹಿಂದಕ್ಕೆ ಕಟ್ಟಿ, ಬಾಗಿಲು ಎಳೆದ.

ಒಳಗೆ, ತಲೆಯ ತನಕ ಶಾಲು ಹೊದ್ದು, ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡು ಯಜಮಾನ ಕೂತಿದ್ದ.

"ಬಾ, ಕೂತ್ಕೋ," ಎಂದ ಅವನು. "ಮೊದಲನೇ ಬೆಟ್ಟದಲ್ಲೇ ಹೊಟ್ಟೆ ಕೈಕೊಡ್ತು. ಆಗಿಂದ ಇಲ್ಲೇ ಇದೀನಿ."

ಕೊಡ ಅವನ ಪಕ್ಕದಲ್ಲಿ ಕೂತ. "ನಂಗೆ ಯಾರೂ ಹೇಳ್ಲೇ ಇಲ್ವಲ್ಲ."

"ಹೇಗೆ ಹೇಳೋದು? ನೀನು ಬಾಯಿ ಮುಚ್ಚಿದ್ರೆ ತಾನೆ?"

ಯಜಮಾನ ಕೈ ಚಾಚಿ ಕೊಡನ ಕತ್ತಿನ ಬಳಿಯ ಗುಂಡಿಯನ್ನು ಹಿಡಿದು ತೋರಿಸಿದ. ಸುತ್ತಲೂ ಸಾಬೂನು ಒಣಗಿ ಬೆಳ್ಳಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಒತ್ತಿದ ಗುಂಡಿ ಮೇಲೆ ಬಂದೇ ಇರಲಿಲ್ಲ. ಅದು ಒಳಗಿರುವಷ್ಟು ಹೊತ್ತೂ ಆ ರೇಡಿಯೋ ಮಾತಾಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ದಿನವಿಡೀ ಇಡೀ ತಂಡದ ಕಿವಿಯಲ್ಲಿ ಕೊಡನೊಬ್ಬನೇ. ಮ್ಯಾನೇಜರ್‌ಗೂ ಬಾಯಿ ಹಾಕಲು ಸಂದು ಸಿಕ್ಕಿರಲಿಲ್ಲ.

"ಎಲ್ಲಾ ಕೇಳಿಸ್ತಾ?" ಕೊಡ ಮೆಲ್ಲಗೆ ಕೇಳಿದ.

"ನಿನ್ನ ಅಕ್ಕ, ಉದ್ದಕಾಲನ ಪಾದ, ನನ್ನ ನೀರು, ಎಲ್ಲಾ. ಹಾಡಿನ ಎರಡನೇ ಚರಣ ತಪ್ಪು ಹೇಳ್ದೆ. ಆ ಅಜ್ಜಿ ಮಾತ್ರ ಸರಿಯಾಗೇ ಹೇಳಿದ್ರಲ್ಲೋ, ಕೇಳ್ಬಾರದಿತ್ತಾ?"

ಕೊಡ ಕಿಟಕಿಯ ಕಡೆ ತಿರುಗಿದ. ಯಜಮಾನ ಉಳಿದದ್ದನ್ನೂ ಹೇಳಿದ. ಸೈಕಲ್ ಇಳಿಯುವಾಗ ಅವನೇ ಮ್ಯಾನೇಜರ್‌ಗೆ ಹೇಳಿದ್ದನಂತೆ, ಮುಂದೆ ಒಬ್ಬ ಇದ್ದಾನಲ್ಲ, ಇವತ್ತಿಗೆ ಅವನೇ ಯಜಮಾನ, ಎಲ್ಲರೂ ಅವನಿಗೆ ದುಡಿಯಲಿ ಎಂದು. ಮ್ಯಾನೇಜರ್ ಕಾರಿನ ಕಿಟಕಿಯಿಂದ ಒಬ್ಬೊಬ್ಬನಿಗೂ ಕೂಗಿ ಹೇಳಿದ. ಮುಂದಿದ್ದವನನ್ನು ತಲುಪುವಷ್ಟರಲ್ಲಿ ಕಾರುಗಳನ್ನು ಕಣಿವೆಗೆ ತಿರುಗಿಸಿಬಿಟ್ಟರು. ಸಂಗಡಿಗರು ಬೆಟ್ಟದುದ್ದಕ್ಕೂ ಗುಂಪಿಗೆ ಅಡ್ಡಗಾಲು ಹಾಕಿ ಹಾಕಿ ನಿಧಾನ ಮಾಡಿದ್ದು ಕೊಡನಿಗಾಗಿ.

"ಹಾಗಾದ್ರೆ ನಾನು ಅಲ್ಲಿ ಕಾಯ್ತಿದ್ದದ್ದು..."

"ನಿನ್ನನ್ನೇ," ಎಂದ ಯಜಮಾನ.

ವ್ಯಾನು ಬಯಲಿಗೆ ಇಳಿಯಿತು. ಗಾಳಿ ಗಾಜಿಗೆ ಬಡಿಯುತ್ತಿತ್ತು. ಇಷ್ಟು ವರ್ಷದ ಮಾತು ಒಟ್ಟಿಗೆ ಕೊಡನ ನಾಲಿಗೆಯ ತುದಿಗೆ ಬಂತು. ಮೊದಲ ಸಲ ಯಜಮಾನ ಪಕ್ಕದಲ್ಲೇ ಕೂತಿದ್ದಾನೆ, ಮುಖ ಕಾಣುತ್ತಿದೆ, ಕೇಳಲು ಕಿವಿಯೂ ಇದೆ. ಗುಂಡಿ ಗಿಂಡಿಯ ಹಂಗಿಲ್ಲದೆ ಮಾತಾಡಬಹುದು. ಕೊಡ ಒಂದು ಸಲ ಕೆಮ್ಮಿ, "ಅದು ಏನಂದ್ರೆ," ಎಂದು ಶುರು ಮಾಡಿದ.

"ಬೆಳಗ್ಗಿಂದ ನಿನ್ನ ಮಾತೇ ಕೇಳಿದೀನಿ ಮಾರಾಯ. ಇನ್ನು ನನ್ನ ಕೈಲಾಗಲ್ಲ," ಎಂದು ಯಜಮಾನ ಕಿವಿಯಿಂದ ರೇಡಿಯೋ ಕಿತ್ತು, ಕಣ್ಣು ಮುಚ್ಚಿದ. ಮುಂದಿನ ತಿರುವಿಗೆ ಅವನ ತಲೆ ವಾಲಿ ಕೊಡನ ಹೆಗಲಿಗೆ ಬಂದು ಬಿತ್ತು.

ಕೊಡ ಬಾಯಿ ಮುಚ್ಚಿಕೊಂಡ. ಬಾಗಿಲ ಸಂದಿನಿಂದ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಯಜಮಾನನ ನಿದ್ದೆ ಕೆಡದಂತೆ ಮೆಲ್ಲಗೆ ಒಂದಿಷ್ಟು ಮುಂದಕ್ಕೆ ಸರಿದು, ಆ ಗಾಳಿಗೆ ಅಡ್ಡವಾಗಿ ಕೂತ.