ಸರಾಸರಿ ನೆರೆಯವನನ್ನು ನಂಬಿ ಕೆಟ್ಟೆ

ಪಾಠ ಹೇಳುವವರಿಗೆ ಒಂದು ಚಾಳಿ ಇರುತ್ತದೆ. ಕಪ್ಪುಹಲಗೆಯ ಮೇಲೆ ನಿಜವಾದದ್ದು ಮನೆಯಲ್ಲೂ ನಿಜ ಎಂದು ನಂಬುತ್ತಾರೆ. ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನಂತೂ ಈ ಚಾಳಿಯ ಹಳೇ ರೋಗಿ. ಆ ವಾರ ಸ್ಪಿನ್ ಮಾದರಿಗಳ ಪಾಠ ನಡೆದಿತ್ತು. ಹೆದರಬೇಡಿ, ದೊಡ್ಡ ವಿಷಯವೇನಲ್ಲ. ಅಯಸ್ಕಾಂತದೊಳಗೆ ಸಾಲಾಗಿ ಕುಳಿತ ಪುಟ್ಟ ಬಾಣಗಳು. ಒಂದೊಂದೂ ಮೇಲೆ ನೋಡಬೇಕು, ಇಲ್ಲವೇ ಕೆಳಗೆ. ಪಕ್ಕದ್ದು ಯಾವ ಕಡೆ ನೋಡುತ್ತದೋ ಆ ಕಡೆಗೇ ಇದರ ಮನಸ್ಸೂ ಎಳೆಯುತ್ತದೆ. ಅಷ್ಟೂ ಬಾಣಗಳ ಲೆಕ್ಕ ಹಾಕಲು ಯಾರಿಗೆ ಪುರುಸೊತ್ತು? ಅದಕ್ಕೇ ನಮ್ಮವರು ಒಂದು ಸೋಮಾರಿ ಉಪಾಯ ಕಂಡುಕೊಂಡಿದ್ದಾರೆ: ನಿಜವಾದ ಅಕ್ಕಪಕ್ಕದವರನ್ನು ಮರೆತು, ಅವರ ಜಾಗದಲ್ಲಿ ಒಬ್ಬ ಸರಾಸರಿ ನೆರೆಯವನನ್ನು ಕೂರಿಸುವುದು.

ಅದೇ ವಾರ ಅಟ್ಟೂರಿನ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮನೆ ಬದಲಿಸಿ ಕೋಗಿಲು ಬಡಾವಣೆಗೆ ಹೋದರು. ಓಡಿಹೋದರು ಎನ್ನುವುದೇ ಸರಿ. ನೀರಿನ ಟ್ಯಾಂಕರ್, ಕೆಟ್ಟ ಲಿಫ್ಟ್, ಬೇರೆಯವರ ಜಾಗದಲ್ಲಿ ನಿಂತ ಸ್ಕೂಟರ್ ಬಿಟ್ಟರೆ ಆ ಹುದ್ದೆಯವರಿಗೆ ಬೇರೆ ಪ್ರಪಂಚವಿಲ್ಲ. ಈಗ ಆ ಹುದ್ದೆಗೆ ನನ್ನ ಹೆಸರು ಕೇಳಿಬರುತ್ತಿದೆ ಎಂದು ತಿಳಿಯಿತು; ನನಗದು ಸುತರಾಂ ಬೇಡ. ಮೆಟ್ಟಿಲಲ್ಲಿ ಸಿಕ್ಕವರನ್ನೆಲ್ಲ ಉಪಾಯವಾಗಿ ಕೆದಕಿದೆ. ಕೆಳಮನೆಯ ಶಕೀಲಾ ಆಂಟಿ, "ನಂದೇನಿದೆ ಸಾರ್, ಎಲ್ರೂ ಹೆಂಗಂತಾರೋ ಹಂಗೆ" ಎಂದರು. ಎದುರುಮನೆಯ ಮೂರ್ತಿಯವರು, "ನೋಡೋಣ ಮೇಷ್ಟ್ರೇ, ಅಕ್ಕಪಕ್ಕದೋರು ಏನಂತಾರೋ" ಎಂದರು. ಮಿಕ್ಕವರದೂ ಇದೇ ರಾಗ. ನನಗೆ ಹೋದ ಜೀವ ಬಂದಂತಾಯಿತು. ಯಾರಿಗೂ ಒಲವಿಲ್ಲ ಎಂದರೆ ಸರಾಸರಿ ಸೊನ್ನೆ. ಸರಾಸರಿ ಸೊನ್ನೆಯಾದರೆ ಒಂದು ಕೈಯೂ ಏಳುವುದಿಲ್ಲ!

ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜೆಗೆ ಇದನ್ನೆಲ್ಲ ಸವಿಸ್ತಾರವಾಗಿ ವಿವರಿಸಿದೆ. ಅವಳು ಬಾಗಲಕೋಟೆಯವಳು, ಸುತ್ತಿಬಳಸಿ ಮಾತಾಡುವವಳಲ್ಲ.

"ಅಲ್ರೀ, ಈ ಲೆಕ್ಕದಾಗ ನಾ ಎಲ್ಲಿದ್ದೀನಿ?"

"ನೀನು ಹೇಗೂ ನನ್ನ ಕಡೆ. ನಿನ್ನನ್ನು ಎಣಿಸಬೇಕಾಗಿಲ್ಲ."

ಮುಂದಿನ ರೊಟ್ಟಿಗೆ ಏಟು ಸ್ವಲ್ಪ ಜೋರಾಗಿಯೇ ಬಿತ್ತು.

ಭಾನುವಾರ ಪಾರ್ಕಿಂಗಿನಲ್ಲಿ ಸಭೆ. ಮೂರ್ತಿಯವರು ನನ್ನ ಹೆಸರು ಹೇಳಿ, "ಒಪ್ಪಿಗೆ ಇರೋರು ಕೈ ಎತ್ತಿ" ಎಂದರು. ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು. ಸಿದ್ಧಾಂತ ಗೆದ್ದಿತು ಎಂದು ನಾನು ಕಾಲ ಮೇಲೆ ಕಾಲು ಹಾಕುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಬಳೆ ಸದ್ದಾಯಿತು. ಗಿರಿಜೆಯ ಕೈ ಮೇಲಿತ್ತು.

"ಮನ್ಯಾಗ ಕುಂತು ನನ್ನ ತಲಿ ತಿನ್ನೂದಕ್ಕಿಂತ ನೀರಿನ ಮೋಟಾರ್ ಆದ್ರೂ ಹಾಕ್ಲಿ ಬಿಡ್ರಿ!"

ಅವಳನ್ನು ನೋಡಿ ಶಕೀಲಾ ಆಂಟಿ ಕೈ ಎತ್ತಿದರು, ಆಂಟಿಯನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಇಡೀ ಸಾಲು. ಅತ್ತಲೂ ಇತ್ತಲೂ ಮನಸ್ಸಿಲ್ಲದೆ ನಿಂತ ಬಾಣಗಳಿಗೆ ಒಂದು ಸಣ್ಣ ನೂಕು ಸಿಕ್ಕರೆ ಸಾಕು, ಎಲ್ಲವೂ ಒಂದೇ ಕಡೆ ವಾಲಿಬಿಡಬಹುದು ಎಂದು ನಾನೇ ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದ್ದೆ. ಆ ನೂಕು ನನ್ನ ಮನೆಯಿಂದಲೇ ಬರುತ್ತದೆಂದು ಮಾತ್ರ ಹೊಳೆದಿರಲಿಲ್ಲ.

"ವಿರೋಧ ಇರೋರು?" ಎಂದು ಎತ್ತಿದ ಕೈಗಳು ಇಳಿಯುವ ಮೊದಲೇ ಮೂರ್ತಿಯವರು ಕೇಳಿದರು.

ನಾನು ಪ್ರತಿಭಟಿಸಲು ಬಾಯಿ ತೆರೆದೆ.

"ನೀವೇ ಒಪ್ಕೊಂಡ್ಮೇಲೆ ಇನ್ನೇನ್ ಸಾರ್" ಎಂದರು ಶಕೀಲಾ ಆಂಟಿ, ನನ್ನ ತಲೆಯ ಮೇಲಕ್ಕೆ ನೋಡುತ್ತ.

ನಾನೂ ತಲೆ ಎತ್ತಿ ನೋಡಿದೆ. ಎಡಬಲದವರ ಜೊತೆ ನನ್ನ ಬಲಗೈಯೂ ನೆಟ್ಟಗೆ ಎದ್ದು ನಿಂತಿತ್ತು.